ಹಡ್ಸನ್ ಹೊಳೆಯ ಹೂಳು

1964ರಲ್ಲಿ ಸ್ಟಾಕ್‌ಹೋಮಿನ ರಸಾಯನ ವಿಜ್ಞಾನಿ ಸೊರೆನ್ ಯೆನ್ಸೆನ್ ಹುಡುಕಲು ಹೊರಟದ್ದು ಡಿಡಿಟಿಯನ್ನು. ಆ ಕೀಟನಾಶಕ ಜೀವಿಗಳ ಮೈಯಲ್ಲಿ ಎಷ್ಟು ಸೇರಿಕೊಂಡಿದೆ ಎಂದು ಅಳೆಯುವುದಷ್ಟೇ ಅವರ ಕೆಲಸವಾಗಿತ್ತು. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ಕಾಗದದ ಮೇಲೆ ಎಳೆಯುವ ಗೆರೆಯಲ್ಲಿ ಡಿಡಿಟಿಯ ಏರು ಬರಬೇಕಾದಲ್ಲಿ ಬಂತು. ಅದರ ಅಕ್ಕಪಕ್ಕದಲ್ಲಿ ಹೆಸರಿಲ್ಲದ ಇನ್ನಷ್ಟು ಏರುಗಳು ಸಾಲಾಗಿ ನಿಂತಿದ್ದವು. ಮಾದರಿ ಬದಲಿಸಿದರೂ ಅವು ಬಿಟ್ಟುಹೋಗಲಿಲ್ಲ.

ಕೊಳೆ ಸೇರಿರಬೇಕು ಎಂದು ಅವನ್ನು ಬದಿಗೆ ಸರಿಸಬಹುದಿತ್ತು. ಯೆನ್ಸೆನ್ ಹಾಗೆ ಮಾಡಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ದಶಕಗಳಿಂದ ಜೋಪಾನವಾಗಿದ್ದ ಕಡಲಹದ್ದಿನ ಗರಿಗಳನ್ನು ತಂದು ವರ್ಷದ ಪ್ರಕಾರ ಪರೀಕ್ಷಿಸುತ್ತ ಹೋದರು. 1944ರ ಗರಿಯಲ್ಲೂ ಆ ಏರುಗಳಿದ್ದವು. ಸ್ವೀಡನ್ನಿನಲ್ಲಿ ಡಿಡಿಟಿ ಬಳಕೆಗೆ ಬಂದದ್ದು ಅದರ ನಂತರ. ಅಂದಮೇಲೆ ಇದು ಡಿಡಿಟಿಯೂ ಅಲ್ಲ, ಅದು ಕೊಳೆತು ಹುಟ್ಟಿದ್ದೂ ಅಲ್ಲ. ತಮ್ಮ ಕೂದಲು, ಹೆಂಡತಿಯ ಕೂದಲು, ಕೊನೆಗೆ ಹಸುಗೂಸಾಗಿದ್ದ ಮಗಳ ಕೂದಲನ್ನೂ ಪರೀಕ್ಷಿಸಿದರು. ಮಗುವಿನಲ್ಲೂ ಅದು ಇತ್ತು. ಎದೆಹಾಲಿನಿಂದಲೇ ಬಂದಿರಬೇಕು ಎಂದು ಅವರು ಊಹಿಸಿದರು. ಎರಡು ವರ್ಷ ಬೆನ್ನುಹತ್ತಿ 1966ರಲ್ಲಿ ಹೆಸರು ಹೇಳಿದರು: ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಅಂದರೆ ಪಿಸಿಬಿ. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಲ್ಲಿ ತುಂಬುತ್ತಿದ್ದ, ಬೆಂಕಿ ಹತ್ತದ ಎಣ್ಣೆ ಅದು. ಜೀವಕ್ಕೆ ಅಪಾಯವಾದದ್ದೂ ಕಾರ್ಖಾನೆಗೆ ಅದು ಇಷ್ಟವಾದದ್ದೂ ಒಂದೇ ಗುಣದಿಂದ. ಅದು ಸುಲಭಕ್ಕೆ ಕೆಡುವುದಿಲ್ಲ.

ಈ ಎಣ್ಣೆಗೆ ನೀರು ಆಗಿಬರುವುದಿಲ್ಲ. ಹೊಳೆಗೆ ಬಿದ್ದರೆ ಮಣ್ಣಿನ ಕಣಕ್ಕೆ, ಕೊಳೆತ ಎಲೆಗೆ, ಮೀನಿನ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಮೇಲಿನ ನೀರು ತಿಳಿಯಾಗಿ ಕಂಡರೂ ತಳದ ಹೂಳು ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಹೊಳೆಯಲ್ಲಿ ಆದದ್ದು ಇದೇ. ಅದರ ದಂಡೆಯ ಫೋರ್ಟ್ ಎಡ್ವರ್ಡ್ ಮತ್ತು ಹಡ್ಸನ್ ಫಾಲ್ಸ್ ಊರುಗಳಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಪಾಸಿಟರ್ ಕಾರ್ಖಾನೆಗಳಿದ್ದವು. 1947ರಿಂದ 1977ರವರೆಗೆ ಅವುಗಳಿಂದ ಹೊಳೆ ಸೇರಿದ ಪಿಸಿಬಿ ಸುಮಾರು 5.9 ಲಕ್ಷ ಕಿಲೋ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. 1970ರಲ್ಲಿ ರಾಬರ್ಟ್ ಬಾಯ್ಲ್ ಎಂಬ ಪತ್ರಕರ್ತ, ಸ್ವತಃ ಗಾಳ ಹಾಕುವವರು, ಹಡ್ಸನ್ ಮೀನುಗಳನ್ನು ಪ್ರಯೋಗಾಲಯಕ್ಕೆ ಕಳಿಸಿ ಪಿಸಿಬಿ ಇದೆಯೆಂದು ಪತ್ರಿಕೆಯಲ್ಲಿ ಬರೆದರು. ಸರ್ಕಾರ ಕದಲಲು ಐದಾರು ವರ್ಷ ಹಿಡಿಯಿತು. ಅಷ್ಟು ವರ್ಷ ಜನ ಆ ಮೀನು ತಿಂದರು. ಈ ಕತೆಯಲ್ಲಿ ನನಗೆ ಕ್ಷಮಿಸಲಾಗದ್ದು ಇದೇ. 1976ರಲ್ಲಿ ಮೀನುಗಾರಿಕೆಗೆ ನಿಷೇಧ ಬಂತು.

ಅಷ್ಟರಲ್ಲಿ ಇನ್ನೊಂದು ಅನಾಹುತ ನಡೆದುಹೋಗಿತ್ತು. ಫೋರ್ಟ್ ಎಡ್ವರ್ಡಿನ ಹಳೆಯ ಅಣೆಕಟ್ಟು ಶಿಥಿಲವಾಗಿದೆ ಎಂದು 1973ರಲ್ಲಿ ಅದನ್ನು ಕಿತ್ತರು. ಅದರ ಹಿಂದೆ ಏನು ಕೂತಿದೆ ಎಂದು ಕೇಳಲಿಲ್ಲ. ಕೂತಿದ್ದದ್ದು ಕಾರ್ಖಾನೆಯ ವಿಷ ಹೀರಿದ ಹೂಳು, ಜೊತೆಗೆ ಮರಕೊಯ್ಯುವ ಗಿರಣಿಗಳ ಕಾಲದ ದಿಮ್ಮಿ, ಚಕ್ಕೆ, ಹೊಟ್ಟು. ಎಲ್ಲವೂ ಕೆಳಕ್ಕೆ ಜಾರಿ ಹಡಗು ಓಡುವ ಕಾಲುವೆಯನ್ನು ಮುಚ್ಚಿತು. ದಾರಿ ಬಿಡಿಸಲು ಸರ್ಕಾರ ಹೂಳೆತ್ತಿ, ಮಾಮೂಲಿ ಮಣ್ಣನ್ನು ಸುರಿಯುವಂತೆ ದಂಡೆಯ ಮೇಲೆ ಸುರಿಯಿತು.

ಮುಂದಿನ ಕಾಲು ಶತಮಾನ ಕಳೆದದ್ದು ಒಂದೇ ವಾದದಲ್ಲಿ: ಎತ್ತಬೇಕೋ, ಬಿಡಬೇಕೋ? ಬಿಡಿ ಎನ್ನುವವರ ಕೈಗೂ ಒಂದು ನಿಜವಾದ ಸಂಶೋಧನೆ ಸಿಕ್ಕಿತ್ತು. 1980ರ ದಶಕದಲ್ಲಿ ಕಂಪನಿಯದೇ ವಿಜ್ಞಾನಿ ಜಾನ್ ಬ್ರೌನ್ ಹಡ್ಸನ್ ಹೂಳಿನ ಗೆರೆಗಳನ್ನು ನೋಡುವಾಗ ಪಿಸಿಬಿಯ ಏರುಗಳ ಕ್ರಮವೇ ಬದಲಾಗಿರುವುದನ್ನು ಗುರುತಿಸಿದರು. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದರ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕೀಳುತ್ತಿದ್ದವು. ಹೊಳೆ ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ ಎಂದು ಕಂಪನಿ ವಾದಿಸಿತು. ಶೋಧ ಅಪ್ಪಟವಾದದ್ದು, ಅದರಿಂದ ಎಳೆದ ತೀರ್ಮಾನ ಮಾತ್ರ ಅತಿಯಾಯಿತು. ಪರಿಸರ ಸಂಸ್ಥೆ ತಳದ ಮಣ್ಣಿಗೆ ಕೊಳವೆ ಇಳಿಸಿ ಲೆಕ್ಕ ಹಾಕಿದಾಗ, ಹೀಗೆ ಇಳಿದ ಪಿಸಿಬಿ ಸರಾಸರಿ ಶೇ. 10ಕ್ಕಿಂತ ಕಡಿಮೆ. 2002ರಲ್ಲಿ ಎತ್ತುವ ತೀರ್ಮಾನಕ್ಕೆ ಸಹಿ ಬಿತ್ತು.

ಎತ್ತುವುದೆಂದರೆ ಕಲಕುವುದು. ಕಲಕಿದ ಹೂಳು ಕೆಳಗಿನ ಊರಿನ ಕುಡಿಯುವ ನೀರಿಗೆ ಹೋಗುತ್ತದೆ ಎಂಬ ಭಯ ನ್ಯಾಯವಾದದ್ದೇ. ವಾಟರ್‌ಫರ್ಡ್, ಹಾಫ್‌ಮೂನ್ ಊರುಗಳು ನೀರೆತ್ತುತ್ತಿದ್ದದ್ದು ಇದೇ ಹೊಳೆಯಿಂದ. ಅದಕ್ಕೆ ಗೆರೆಯೊಂದನ್ನು ಎಳೆದರು: ಒಂದು ಲೀಟರಿನಲ್ಲಿ 500 ನ್ಯಾನೊಗ್ರಾಂ. 10 ಲಕ್ಷ ಲೀಟರಿಗೆ ಅರ್ಧ ಗ್ರಾಂ. ಹೊಳೆಯ ಕೆಳಹರಿವಿನಲ್ಲಿ ನಿಗಾ ಠಾಣೆಗಳು ಬಂದವು. ಆ ಎರಡು ಊರುಗಳಿಗೆ ಟ್ರಾಯ್ ನಗರದ ನೀರು ತರುವ ಏರ್ಪಾಡಾಯಿತು. ತೆರೆದ ಬಕೆಟ್ಟಿನ ಬದಲು ಬಾಯಿ ಮುಚ್ಚಿಕೊಳ್ಳುವ ಬಕೆಟ್ಟು ಹೊಳೆಗಿಳಿಯಿತು.

2009ರ ಮೇ ತಿಂಗಳಲ್ಲಿ ಕೆಲಸ ಶುರು. ಆಗಸ್ಟ್‌ನಲ್ಲಿ ಥಾಂಪ್ಸನ್ ದ್ವೀಪದ ಠಾಣೆಯಲ್ಲಿ ನೀರಿನ ಪಿಸಿಬಿ 500 ನ್ಯಾನೊಗ್ರಾಂ ದಾಟಿತು. ಯಂತ್ರಗಳನ್ನು ನಿಲ್ಲಿಸಿದರು. ಬಾಯಿ ಮುಚ್ಚುವ ಬಕೆಟ್ಟನ್ನೇ ಇಳಿಸಿದ್ದರು, ಮತ್ತೆ ಎಲ್ಲಿಂದ ಸೋರಿತು?

ಉತ್ತರ ಸಿಕ್ಕಿದ್ದು ಹಳೆಯ ಮರದ ಚಕ್ಕೆಗಳಲ್ಲಿ. ಯೋಜನೆ ಹಾಕುವಾಗ ತಳಕ್ಕೆ ಇಳಿಸಿದ ಕೊಳವೆಗಳು ಹಲವೆಡೆ ಗಿರಣಿ ಕಾಲದ ಮರಕ್ಕೆ ತಾಗಿ ಅರ್ಧಕ್ಕೇ ನಿಂತಿದ್ದವು. ಅದರ ಕೆಳಗೂ ವಿಷ ಎಷ್ಟಿದೆ ಎಂಬುದು ಅಂದಾಜಿನ ಮಾತಾಗಿತ್ತು. ಒಂದು ಪದರ ಎತ್ತಿದರೆ ಕೆಳಗೆ ಇನ್ನೊಂದು, ಅದನ್ನೆತ್ತಿದರೆ ಮತ್ತೊಂದು. ಒಂದೇ ಜಾಗವನ್ನು ಮೂರು ನಾಲ್ಕು ಸಲ ಕೆದಕುವಾಗ, ಕೆದಕಿದ ಗಾಯ ವಾರಗಟ್ಟಲೆ ಹರಿವ ನೀರಿಗೆ ತೆರೆದುಕೊಂಡೇ ಇತ್ತು. ಮಡುಗಟ್ಟಿದ್ದ ಎಣ್ಣೆ ಪದರವಾಗಿ ಮೇಲೆ ತೇಲಿತು. ಆ ವರ್ಷ ಎತ್ತಬೇಕೆಂದಿದ್ದ ಹೊಳೆತಳದ 18 ತುಂಡುಗಳಲ್ಲಿ 10 ಮಾತ್ರ ಮುಗಿದವು. ಬಕೆಟ್ಟಿನ ತಪ್ಪಿಗಿಂತ ಆಳ ತಿಳಿಯದೆ ಕೈ ಹಾಕಿದ್ದೇ ದೊಡ್ಡ ತಪ್ಪು ಎಂಬುದು ನನ್ನ ಓದು.

2010ರಲ್ಲಿ ಕೆಲಸ ನಿಲ್ಲಿಸಿ ಹೊರಗಿನ ತಜ್ಞರ ಮುಂದೆ ಎಲ್ಲ ಅಂಕಿಗಳನ್ನೂ ಇಟ್ಟರು. ಆಳ ಹೊಸದಾಗಿ ಅಳೆಯಬೇಕು, ಕೆದಕುವುದು ಕಡಿಮೆಯಾಗಬೇಕು, ಉಳಿದದ್ದನ್ನು ತಡಮಾಡದೆ ಸ್ವಚ್ಛ ಮರಳು ಜಲ್ಲಿಯಿಂದ ಮುಚ್ಚಬೇಕು ಎಂದಾಯಿತು. 2011ರಿಂದ 2015ರವರೆಗೆ ಹೀಗೆಯೇ ಕೆಲಸ ಸಾಗಿತು. ಒಟ್ಟು ಎತ್ತಿದ ಹೂಳು ಸುಮಾರು 21 ಲಕ್ಷ ಘನ ಮೀಟರ್, ಅದರೊಂದಿಗೆ ಹೊರಬಂದ ಪಿಸಿಬಿ ಸುಮಾರು 1.4 ಲಕ್ಷ ಕಿಲೋ.

ಈ ಹೂಳು ಎಲ್ಲಿಗೆ ಹೋಯಿತು? ದೋಣಿಯಲ್ಲಿ ಫೋರ್ಟ್ ಎಡ್ವರ್ಡಿನ ದಂಡೆಗೆ ಬಂದು, ದಿಮ್ಮಿ ಕಲ್ಲು ಬೇರೆಯಾಗಿ, ದೊಡ್ಡ ಒತ್ತುಯಂತ್ರಗಳಲ್ಲಿ ನೀರು ಹಿಂಡಿಸಿಕೊಂಡಿತು. ಹಿಂಡಿದ ನೀರನ್ನು ಮರಳು, ಇದ್ದಿಲುಗಳಲ್ಲಿ ಸೋಸಿದ ಮೇಲೆಯೇ ಹೊರಬಿಟ್ಟರು. ಒಣಗಿದ ಮಣ್ಣು ರೈಲು ಹತ್ತಿತು. 2009ರ ಮೊದಲ ಹಂತದ್ದು ಹೋದದ್ದು ದೂರದ ಟೆಕ್ಸಾಸ್ ರಾಜ್ಯಕ್ಕೆ. ತಮ್ಮ ಹೊಲಗಳ ಪಕ್ಕ ಅದನ್ನು ಹೂಳುವ ಗುಂಡಿ ಬೇಡವೆಂದು ಹೊಳೆದಂಡೆಯ ಜನ ವರ್ಷಗಟ್ಟಲೆ ಹಟ ಹಿಡಿದಿದ್ದರು.

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹರಡುವುದು ಹಳೆಯ ಪದ್ಧತಿ. ಆ ಗೋಡು ಬೆಳೆಗೆ ಬಲ ಎಂಬುದೂ ನಿಜ. ಊರ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯದಾದರೆ ಮಾತ್ರ ಎತ್ತುವ ಮುನ್ನ ತಳದ ತನಕ ಕೊಳವೆ ಇಳಿಸಿ, ಬಂದ ಮಣ್ಣನ್ನು ಪರೀಕ್ಷೆಗೆ ಕಳಿಸಿ. ಸುರಿಯುವ ಜಾಗ ಗೊತ್ತಾಗದೆ ಯಂತ್ರ ಇಳಿಸಬೇಡಿ.

ಹಡ್ಸನ್ ಫಾಲ್ಸ್‌ನಿಂದ ಟ್ರಾಯ್ ಅಣೆಕಟ್ಟಿನವರೆಗಿನ ಹೊಳೆಯಲ್ಲಿ ಗಾಳಕ್ಕೆ ಸಿಕ್ಕ ಮೀನನ್ನು ಇವತ್ತಿಗೂ ನೀರಿಗೇ ಬಿಡಬೇಕು, ತಿನ್ನುವ ಹಾಗಿಲ್ಲ.