ಅಸಲಿಗಿಂತ ಅಗ್ಗವಾದ ಆಟದ ಯಂತ್ರ

ನಮ್ಮ ವಾಚನಾಲಯಕ್ಕೆ ದಿನವೂ ಬರುವ ಹಿರಿಯರೊಬ್ಬರು ಮೊನ್ನೆ ಕೇಳಿದರು: "ಮೊಮ್ಮಗ ವಿಡಿಯೋ ಗೇಮ್ ಯಂತ್ರ ಬೇಕೆಂದು ಹಟ ಹಿಡಿದಿದ್ದಾನೆ. ಕಂಪನಿಯವರು ಅದನ್ನು ಅಸಲಿಗಿಂತ ಕಡಿಮೆಗೆ ಮಾರುತ್ತಾರಂತೆ. ಹಾಗಾದರೆ ಕೊಂಡವರಿಗೆ ಲಾಭವೇ ಅಲ್ಲವೇನಪ್ಪಾ?" ಗಿರಣಿಯಲ್ಲಿ ಹತ್ತಿ, ಕೂಲಿ, ವಿದ್ಯುತ್ತು, ಸವಕಳಿ ಎಂದು ಅಸಲಿನ ಲೆಕ್ಕ ಬರೆಯುವ ನನಗೂ ಇದು ವಿಚಿತ್ರವಾಗಿ ಕಂಡಿತು. ಅಸಲು ಗಿಟ್ಟದ ಬಟ್ಟೆಯನ್ನು ಯಾರೂ ಬೇಕೆಂದು ನೇಯುವುದಿಲ್ಲ. ವಿಚಾರಿಸಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಎಂಬ ಯಂತ್ರ 2006ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ದೊಡ್ಡ ಮಾದರಿಗೆ ಅಮೆರಿಕದಲ್ಲಿ 599 ಡಾಲರ್ ಬೆಲೆ. ಐಸಪ್ಲೈ ಎಂಬ ಸಂಸ್ಥೆಯವರು ಅದನ್ನು ಬಿಚ್ಚಿ, ಒಂದೊಂದು ಭಾಗಕ್ಕೂ ಬೆಲೆ ಕಟ್ಟಿ, ಜೋಡಣೆಯ ಖರ್ಚನ್ನೂ ಸೇರಿಸಿ, ಅಸಲು ಸುಮಾರು 840 ಡಾಲರ್ ಎಂದು ಅಂದಾಜು ಮಾಡಿದರು. ಸೆಲ್ ಎಂಬ ಹೊಸ ಚಿಪ್ಪು, ಬ್ಲೂ-ರೇ ಡಿಸ್ಕ್ ಓದುವ ಭಾಗ ಇವು ಆಗ ಬಹಳ ದುಬಾರಿ. ಈ ಅಂದಾಜಿನಂತೆ, ಸಾಗಾಣಿಕೆ ಜಾಹೀರಾತುಗಳನ್ನು ಬಿಟ್ಟರೂ ಯಂತ್ರವೊಂದಕ್ಕೆ 241 ಡಾಲರ್ ನಷ್ಟ. 2007ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸೋನಿಯ ಆಟದ ವಿಭಾಗ 23,230 ಕೋಟಿ ಯೆನ್ ನಷ್ಟ ತೋರಿಸಿತು.

ಯಂತ್ರದಲ್ಲಿ ಕಳೆದುದು ಆಟಗಳಲ್ಲಿ ಬರಬೇಕು. ಬೇರೆ ಕಂಪನಿಯವರು ಮಾಡಿದ ಆಟವೂ ಯಂತ್ರದ ಒಡೆಯರ ಅಪ್ಪಣೆ ಪಡೆದೇ ಮಾರಾಟವಾಗಬೇಕು; ಮಾರಿದ ಒಂದೊಂದಕ್ಕೂ ಒಡೆಯರಿಗೆ ಪಾಲು ಸಲ್ಲಬೇಕು. ಇಂಟರ್‌ನೆಟ್ಟಿನ ಅಂಗಡಿಯಲ್ಲಿ ಈ ಪಾಲು ಸಾಮಾನ್ಯವಾಗಿ ನೂರಕ್ಕೆ 30. ಲೆಕ್ಕಕ್ಕಾಗಿ ಆಟವೊಂದಕ್ಕೆ 10 ಡಾಲರ್ ಉಳಿಯಿತೆಂದು ಇಟ್ಟುಕೊಳ್ಳೋಣ. 241 ಡಾಲರ್ ತುಂಬಲು 25 ಆಟಗಳು ಬೇಕು! ಆಟವನ್ನೇ ಕೊಳ್ಳದ ಗಿರಾಕಿಯೂ ಉಂಟು. ಅಮೆರಿಕದ ವಾಯುಸೇನೆಯವರು ಸುಮಾರು 1,700 ಪ್ಲೇಸ್ಟೇಷನ್ 3 ಯಂತ್ರಗಳನ್ನು ಒಟ್ಟಿಗೆ ಹೆಣೆದು 2010ರಲ್ಲಿ ಒಂದು ದೊಡ್ಡ ಗಣಕಯಂತ್ರವನ್ನೇ ಕಟ್ಟಿದರು.

ಕಂಪನಿಗೆ ಇನ್ನೊಂದು ನೆರವು ಕಾಲ. ಚಿಪ್ಪು ಚಿಕ್ಕದಾದಷ್ಟೂ ಒಂದೇ ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ಪುಗಳು ದೊರೆಯುತ್ತವೆ. ಕರೆಂಟೂ ಕಡಿಮೆ ಸಾಕು. ಹೀಗೆ ಅಸಲು ಇಳಿದುದರಿಂದಲೇ 2009ರಲ್ಲಿ ತೆಳುವಾದ ಹೊಸ ಮಾದರಿಯನ್ನು 299 ಡಾಲರಿಗೆ ಮಾರಲು ಸಾಧ್ಯವಾಯಿತು.

ಎಲ್ಲರೂ ಈ ದಾರಿ ಹಿಡಿಯುವುದಿಲ್ಲ. ನಿಂಟೆಂಡೊ ಕಂಪನಿಯವರು 2006ರಲ್ಲಿಯೇ ಸಾಧಾರಣ ಚಿಪ್ಪುಗಳಿಂದ ವೀ ಎಂಬ ಯಂತ್ರ ಮಾಡಿ, 250 ಡಾಲರಿಗೆ ಲಾಭವಿಟ್ಟೇ ಮಾರಿದರು. ಅಂಥವು ಹತ್ತು ಕೋಟಿಗೂ ಮೀರಿ ಖರ್ಚಾದವು. ನಷ್ಟದ ದಾರಿಯಲ್ಲಿ ಮುಗ್ಗರಿಸಿದವರೂ ಇದ್ದಾರೆ. ಸೇಗಾ ಕಂಪನಿ 1999ರಲ್ಲಿ ಡ್ರೀಮ್‌ಕಾಸ್ಟ್ ಯಂತ್ರವನ್ನು ಅಮೆರಿಕದಲ್ಲಿ 199 ಡಾಲರಿಗೆ ಕೊಟ್ಟಿತು. ನಷ್ಟ ತಾಳಲಾರದೆ 2001ರಲ್ಲಿ ಯಂತ್ರ ಮಾಡುವುದನ್ನೇ ಬಿಟ್ಟಿತು.

ಯಂತ್ರ ಹಳೆಯದಾದಂತೆ ಬೆಲೆ ಇಳಿಯುವುದೆಂಬ ನಂಬಿಕೆಯೂ ಈಗ ಉಳಿದಿಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. 2022ರ ನವೆಂಬರಿನಲ್ಲಿ 54,990 ಆಯಿತು. ಅಮೆರಿಕದಲ್ಲಿಯೂ 2025ರ ಆಗಸ್ಟಿನಲ್ಲಿ 50 ಡಾಲರ್ ಏರಿತು.

ಇನ್ನು ಹಿರಿಯರ ಪ್ರಶ್ನೆ. ಸೋನಿಯವರ ಹೊಸ ದೊಡ್ಡ ಆಟಗಳಿಗೆ ನಮ್ಮಲ್ಲಿ 4,999 ರೂಪಾಯಿಯವರೆಗೆ ಬೆಲೆಯಿದ್ದುದುಂಟು. ಅಂಥ ಹತ್ತು ಆಟ ಕೊಂಡರೆ 49,990, ಎಂದರೆ ಯಂತ್ರದ ಮೊದಲ ಬೆಲೆಯಷ್ಟೇ ಇನ್ನೊಂದು ಸಲ ತೆತ್ತಂತೆ. ದೂರದ ಗೆಳೆಯರೊಡನೆ ಆಡಬೇಕಾದರೆ ಅನೇಕ ಆಟಗಳಿಗೆ ಚಂದಾ ಬೇರೆ. ಆದ್ದರಿಂದ ಕೊಳ್ಳುವ ಮುನ್ನ ಎರಡು ವರ್ಷದ ಒಟ್ಟು ಖರ್ಚನ್ನು ಚೀಟಿಯಲ್ಲಿ ಬರೆದು ನೋಡಬೇಕು. ಡಿಸ್ಕ್ ಇಲ್ಲದ ಮಾದರಿ ಅಗ್ಗವೆಂದು ತೋರುತ್ತದೆ. ಆದರೆ ಅದಕ್ಕೆ ಆಟವನ್ನು ಕಂಪನಿಯ ಇಂಟರ್‌ನೆಟ್ ಅಂಗಡಿಯ ಮೂಲಕವೇ ಪಡೆಯಬೇಕು. ಡಿಸ್ಕ್ ಇದ್ದರೆ ಹಳೆಯದನ್ನು ಕಡಿಮೆಗೆ ಕೊಳ್ಳಬಹುದು, ಆಡಿ ಮುಗಿಸಿದ್ದನ್ನು ಮಾರಬಹುದು, ನಾವು ಇಲ್ಲಿ ಪುಸ್ತಕಗಳನ್ನು ಮಾಡುವಂತೆ ಗೆಳೆಯರೊಳಗೆ ಕೈ ಬದಲಿಸಿಕೊಳ್ಳಲೂಬಹುದು. ಹಿರಿಯರಿಗೆ ನಾನು ಹೇಳಿದ್ದೂ ಇಷ್ಟೇ. ಅವರು ಚೀಟಿ ಬರೆದುಕೊಂಡು ಮನೆಗೆ ಹೋದರು.