ಉತಾರದಲ್ಲಿ ಇಲ್ಲದ ಹೆಸರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಹೆಸರು ಹೇಳಿದರೆ ನಿಮಗೆ ಮೊದಲು ನೆನಪಾಗುವುದು ಬಹುಶಃ ಬರಗಾಲ. ಆಮೇಲೆ ಬಿಳಿಜೋಳದ ರೊಟ್ಟಿ. ಆ ರೊಟ್ಟಿಯ ಜೋಳ ಮೂಲತಃ ಈ ನೆಲದ್ದಲ್ಲ ಎಂಬುದು ನಿಮಗೆ ಗೊತ್ತೇ? ಸುಮಾರು 5,000 ವರ್ಷಗಳ ಹಿಂದೆ ಆಫ್ರಿಕದ ಸುಡಾನಿನ ಪೂರ್ವ ಭಾಗದಲ್ಲಿ ಜನರು ಕಾಡುಹುಲ್ಲೊಂದನ್ನು ಪಳಗಿಸಿ ಜೋಳವನ್ನಾಗಿ ಮಾಡಿಕೊಂಡರು. ಅಲ್ಲಿಂದ ಅದು ನಮ್ಮಲ್ಲಿಗೆ ಬಂತು. ಸಜ್ಜೆ, ರಾಗಿ, ಅಲಸಂದೆ ಕೂಡಾ ಅದೇ ಖಂಡದಿಂದ ಬಂದವುಗಳು. ಆದಿಲ್‌ಶಾಹಿಗಳ ಕಾಲದಲ್ಲಿ ಬಿಜಾಪುರಕ್ಕೆ ಬಂದು ಇಖ್ಲಾಸ್ ಖಾನನಂತೆ ಮಂತ್ರಿಪದವಿಗೇರಿದ ಹಬಶಿಗಳ ಕತೆ ಇತಿಹಾಸದ ಪುಸ್ತಕದಲ್ಲಿ ಸಿಗುತ್ತದೆ. ಅವರಿಗಿಂತ ಎಷ್ಟೋ ಮೊದಲೇ ಬಂದು ನಮ್ಮ ಹೆಂಚಿನ ಮೇಲೆ ಕುಳಿತ ಜೋಳದ ಕತೆಯನ್ನು ಯಾರೂ ಹೇಳುವುದಿಲ್ಲ.

ಜೋಳದಂತೆಯೇ ಜೋಳ ಬೆಳೆಯುವ ನೆಲದ ಜಗಳವೂ ಅಲ್ಲಿ ಇಲ್ಲಿ ಒಂದೇ ತೆರನಾಗಿದೆ. ದುಡಿಯುವ ಕೈ ಒಂದು, ಕಾಗದದಲ್ಲಿರುವ ಹೆಸರು ಮತ್ತೊಂದು.

ಕರಾವಳಿಯ ಓದುಗರಿಗಾಗಿ ಈ ಬೇಸಾಯದ ಬಗ್ಗೆ ಒಂದಿಷ್ಟು ಹೇಳಬೇಕು. ಇಲ್ಲಿಯದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದ ನೀರನ್ನು ಹೀರಿಕೊಂಡು ಹಿಡಿದಿಡುವುದು ಈ ಮಣ್ಣಿನ ಗುಣ. ಹಿಂಗಾರಿ ಜೋಳವನ್ನು ಸಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಆಮೇಲೆ ಮಳೆ ಬಾರದಿದ್ದರೂ ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆ ಬರುತ್ತದೆ. ಆ ತೇವ ಉಳಿಯಬೇಕಾದರೆ ಬಿತ್ತುವ ಮೊದಲೇ ಹೊಲದಲ್ಲಿ ಸಣ್ಣ ಸಣ್ಣ ಚೌಕು ಮಡಿ ಮಾಡಿ ನೀರು ನಿಲ್ಲಿಸಬೇಕು. ಆಮೇಲೆ ಕಳೆ ತೆಗೆಯಬೇಕು, ಹಕ್ಕಿ ಕಾಯಬೇಕು, ಜೋಳ ಕೀಳಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು, ಕಣಿಕೆಯನ್ನು ಬಣವೆ ಒಟ್ಟಬೇಕು. ಇದರಲ್ಲಿ ಬಹುಪಾಲು ಹೆಂಗಸರ ಕೆಲಸ. ಜೋಳದ ಸಾಲುಗಳ ನಡುವೆ ಮನೆಯ ಬಳಕೆಗೆಂದು ಕಾಳು, ಎಣ್ಣೆಬೀಜ ಹಾಕುವ ಅಕ್ಕಡಿ ಸಾಲುಗಳಂತೂ ಪೂರ್ತಿ ಅವರದೇ. ಯಾವ ಬೀಜ ಎಷ್ಟು ಉಳಿಸಬೇಕು, ಬೂದಿ ಬೆರೆಸಿ ಯಾವ ಗಡಿಗೆಯಲ್ಲಿಡಬೇಕು ಎಂಬುದನ್ನು ಅತ್ತೆ ಸೊಸೆಗೆ ಹೇಳಿಕೊಡುತ್ತಾಳೆ. ಮಳೆ ಕೈಕೊಟ್ಟ ವರ್ಷ ಗಂಡಸರು ಗೋವಾಕ್ಕೋ ಪುಣೆಗೋ ಗುಳೆ ಹೋದರೆ, ದನಕರು ಮತ್ತು ಹೊಲವನ್ನು ನೋಡಿಕೊಳ್ಳುವವಳು ಅವಳೇ.

ಆದರೆ ಉತಾರ ತೆಗೆದು ನೋಡಿ. ಪಹಣಿಯನ್ನು ಈ ಕಡೆ ಉತಾರ ಎನ್ನುತ್ತಾರೆ. ಅಲ್ಲಿ ತಂದೆಯ ಹೆಸರು, ಅವರ ನಂತರ ಅಣ್ಣತಮ್ಮಂದಿರ ಹೆಸರು. ಭಾರತದಲ್ಲಿ ಸಾಗುವಳಿ ಹಿಡುವಳಿಗಳ ಪೈಕಿ ಮಹಿಳೆಯರ ಹೆಸರಿನಲ್ಲಿರುವುದು ನೂರಕ್ಕೆ ಸುಮಾರು 14 ಎಂದು 2015-16ರ ಕೃಷಿ ಗಣತಿ ಹೇಳಿದೆ.

ಬರಿಯ ಜೋಳ ಬೆಳೆಯುತ್ತಿದ್ದಾಗ ಇದು ಅಷ್ಟಾಗಿ ಯಾರಿಗೂ ಚುಚ್ಚುತ್ತಿರಲಿಲ್ಲ. ನೀರು ಬಂದಾಗ ಚುಚ್ಚತೊಡಗಿತು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ನಡುವೆ ನಲವತ್ತೆರಡು ವರ್ಷಗಳು ಸಂದವು. ಕೃಷ್ಣೆಯ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳ ನೆಲ ಮುಳುಗಿತು. ಹಳೆಯ ಬಾಗಲಕೋಟೆಯ ಒಂದು ಭಾಗ ಹೋಯಿತು. ಮಣ್ಣಿನ ಗಡಿಗೆಯ ಗಟ್ಟಿ ಮೊಸರಿಗೆ ಹೆಸರಾದ ಕೊಲ್ಹಾರ ಹೊಸ ಜಾಗಕ್ಕೆ ಎದ್ದು ಹೋಯಿತು. ಇತ್ತ ಮುದ್ದೇಬಿಹಾಳದ ಅಂಚಿನಲ್ಲಿ ನಾರಾಯಣಪುರದ ಬಸವಸಾಗರ ತಲೆಯೆತ್ತಿತು. ಅದರ ಎಡದಂಡೆ ಕಾಲುವೆಯ ಕವಲೊಂದು ಸಿಂದಗಿ, ಇಂಡಿಯ ಕಡೆಗೆ ಹರಿಯಿತು. ಕಾಲುವೆಯ ಕೊನೆಯ ಭಾಗದ ರೈತರು ಮಾತ್ರ ನೀರಿಗಾಗಿ ವರ್ಷ ವರ್ಷವೂ ಧರಣಿ ಕೂರಬೇಕಾಯಿತು. ನಿಂಬೆಗೆ ಹೆಸರಾದ ಇಂಡಿಯಲ್ಲಿ ಬರದ ವರ್ಷಗಳಲ್ಲಿ ಗಿಡ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಕಿದವರಿದ್ದಾರೆ. ಪಕ್ಕದ ತಾಲೂಕಿನಲ್ಲಿ ಸಮುದ್ರದಂಥ ಹಿನ್ನೀರು, ಇಲ್ಲಿ ಟ್ಯಾಂಕರ್!

ಈಗ ಅಣೆಕಟ್ಟಿನ ಕತೆಯ ಮೂರನೇ ಹಂತ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿಯು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಇದಕ್ಕೆ ಬೇಕಾದ ಒಟ್ಟು ಭೂಮಿ ಸುಮಾರು 1 ಲಕ್ಷ 33 ಸಾವಿರ ಎಕರೆ. 2025ರ ಸಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಪರಿಹಾರದ ದರ ನಿಗದಿ ಮಾಡಿತು. ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ. ಕಾಲುವೆಗೆ ಹೋಗುವ ಭೂಮಿಗೆ ಕ್ರಮವಾಗಿ 30 ಮತ್ತು 25 ಲಕ್ಷ.

ಈ ಹಣ ಯಾರ ಖಾತೆಗೆ ಹೋಗುತ್ತದೆ, ಸಹೋದರಿಯರೇ? ಉತಾರದಲ್ಲಿ ಯಾರ ಹೆಸರಿದೆಯೋ ಅವರ ಖಾತೆಗೆ.

ಜೋಳದ ತವರಾದ ಸುಡಾನಿಗೇ ಒಮ್ಮೆ ಹೋಗಿ ಬರೋಣ. ಈಜಿಪ್ಟ್ 1960ರ ದಶಕದಲ್ಲಿ ನೈಲ್ ನದಿಗೆ ಅಸ್ವಾನ್ ಅಣೆಕಟ್ಟು ಕಟ್ಟಿದಾಗ ನೂಬಿಯಾ ಎಂಬ ಪ್ರಾಚೀನ ಸೀಮೆಯೇ ನೀರಿನಡಿಗೆ ಹೋಯಿತು. ಈಜಿಪ್ಟಿನ ಕಡೆ ಸುಮಾರು 50 ಸಾವಿರ, ಸುಡಾನಿನ ಕಡೆ ಹೆಚ್ಚುಕಡಿಮೆ ಅಷ್ಟೇ ಮಂದಿ ನೂಬಿಯನ್ ಮುಸ್ಲಿಮರು ಮನೆಮಠ ಬಿಟ್ಟೆದ್ದರು. ಅಲ್ಲಿಯೂ ಗಂಡಸರು ಕೈರೋದಂಥ ಪೇಟೆಗಳಿಗೆ ದುಡಿಯಲು ಹೋಗುತ್ತಿದ್ದರು. ನದಿದಂಡೆಯ ಹೊಲ ಮತ್ತು ಖರ್ಜೂರದ ಮರಗಳನ್ನು ನೋಡಿಕೊಳ್ಳುತ್ತಿದ್ದವರು ಹೆಂಗಸರು. ಒಂದೇ ಖರ್ಜೂರದ ಮರದಲ್ಲಿ ನೆಲ ಕೊಟ್ಟವನಿಗೊಂದು, ಸಸಿ ನೆಟ್ಟವನಿಗೊಂದು, ನೀರೆರೆದವನಿಗೊಂದು ಪಾಲಿರುತ್ತಿತ್ತು. ಅಂಥ ಲೆಕ್ಕ ಸರಕಾರಿ ರಿಜಿಸ್ಟರಿಗೆ ಹಿಡಿಸುವಂಥದ್ದಲ್ಲ.

ಸುಡಾನಿನವರನ್ನು ನೂರಾರು ಮೈಲು ದೂರದ ಖಶ್ಮ್ ಅಲ್ ಗಿರ್ಬಾ ಎಂಬಲ್ಲಿ, ಥೇಟು ನಮ್ಮ ಎರಿ ಭೂಮಿಯಂಥ ಕಪ್ಪು ಮಣ್ಣಿನ ಬಯಲಿಗೆ ಒಯ್ದರು. ಜೋಳವನ್ನು ಮೊದಲು ಪಳಗಿಸಿದ ಸೀಮೆ ಅದು! ಅವರಿಗಾಗಿ ಅತ್ಬಾರಾ ನದಿಗೆ ಇನ್ನೊಂದು ಅಣೆಕಟ್ಟು ಕಟ್ಟಿದರು. ಹೂಳು ತುಂಬಿ ಅದರ ಸಾಮರ್ಥ್ಯ ಬೇಗನೆ ಕುಗ್ಗಿತು. ತಲೆತಲಾಂತರದಿಂದ ಆ ಬಯಲಿನಲ್ಲಿ ಒಂಟೆ, ಕುರಿ ಮೇಯಿಸುತ್ತಿದ್ದ ಶುಕ್ರಿಯಾ ಬುಡಕಟ್ಟಿನವರು ಹುಲ್ಲುಗಾವಲು ಕಳೆದುಕೊಂಡರು. ಮೇಯಿಸುವವರ ಬಳಿ ಪಟ್ಟಾ ಎಲ್ಲಿಂದ ಬರಬೇಕು?

ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೋದ ರೈತ ಯಾಕೂಬಾ ಸವಡೋಗೋ ಅವರದು ಇನ್ನೂ ವಿಚಿತ್ರ. 1980ರ ದಶಕದ ಭೀಕರ ಬರದಲ್ಲಿ ಊರು ಬಿಟ್ಟು ಹೋಗುವವರ ನಡುವೆ ಅವರು ಉಳಿದುಕೊಂಡರು. ಬಂಡೆಯಂತಾದ ನೆಲದಲ್ಲಿ ಗುಣಿ ತೋಡಿ, ಅದರಲ್ಲಿ ಗೊಬ್ಬರ ಹಾಕಿ, ಮಳೆನೀರು ನಿಲ್ಲಿಸಿ ಜೋಳ, ಸಜ್ಜೆ ಬೆಳೆದರು. ನಮ್ಮ ಚೌಕು ಮಡಿಯ ಅಣ್ಣನೆಂದೇ ಆ ಗುಣಿಯನ್ನು ಕರೆಯಬಹುದು. ಬೆಳೆಯ ಜೊತೆಗೆ ಮರಗಳೂ ಬಂದವು. ಬೋಳು ನೆಲ ಕಾಡಾಯಿತು. ಕಾಡಾದ ಮೇಲೆ ಆ ಜಾಗಕ್ಕೆ ಬೆಲೆ ಬಂತು. ಪಕ್ಕದ ಪಟ್ಟಣ ಬೆಳೆದು ಬಂದಾಗ ಅವರ ಕಾಡಿನ ನೆಲವನ್ನೂ ನಿವೇಶನಗಳಾಗಿ ಹಂಚುವ ಯೋಜನೆ ಬಂತು. ಕಾಡು ಬೆಳೆಸಿದವರಿಗೆ ಆ ನೆಲದ ಮೇಲೆ ಕಾಗದದ ಹಕ್ಕಿರಲಿಲ್ಲ! 2018ರಲ್ಲಿ ಅವರಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. 2023ರಲ್ಲಿ ಅವರು ತೀರಿಕೊಂಡರು.

ನೂಬಿಯನ್ನರಿಗೆ, ಶುಕ್ರಿಯಾದವರಿಗೆ, ಯಾಕೂಬಾರಿಗೆ ಸರಕಾರಗಳು ಅನ್ಯಾಯ ಮಾಡಿದವು ಎಂದು ಹೇಳುವುದು ಸುಲಭ. ನಮ್ಮ ಮನೆಯ ಉತಾರದಿಂದ ಹೆಣ್ಣುಮಗಳ ಹೆಸರು ಬಿಟ್ಟುಹೋದದ್ದು ಯಾವ ಸರಕಾರದಿಂದ?

2024ರ ಅಕ್ಟೋಬರ್‌ನಲ್ಲಿ ವಕ್ಫ್ ನೋಟಿಸುಗಳ ವಿಚಾರವಾಗಿ ವಿಜಯಪುರ ಜಿಲ್ಲೆ ಕುದಿದದ್ದು ನೆನಪಿರಬಹುದು. ಉತಾರದ ಒಂದು ಕಾಲಂನಲ್ಲಿ ಬೇರೆ ಹೆಸರು ಬಂದರೆ ರೈತನಿಗೆ ಹೇಗಾಗುತ್ತದೆ ಎಂದು ಆಗ ಎಲ್ಲರೂ ಕಂಡರು. ಸರಕಾರ ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿತು. ಅದರ ರಾಜಕೀಯ ಇಲ್ಲಿ ಬೇಡ. ಆದರೆ ಆ ಸಂಕಟ ನಮ್ಮ ಅಕ್ಕತಂಗಿಯರಿಗೆ ಹೊಸದಲ್ಲ. ಅವರ ಹೆಸರು ಯಾವ ಕಾಲಂನಲ್ಲೂ ಇರಲೇ ಇಲ್ಲ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ತಂದೆತಾಯಿ ಬಿಟ್ಟುಹೋದ ಸೊತ್ತಿನಲ್ಲಿ, ಅದು ಕೊಂಚವಿರಲಿ ಹೆಚ್ಚಿರಲಿ, ಗಂಡಿಗಿರುವಂತೆ ಹೆಣ್ಣಿಗೂ ಪಾಲನ್ನು ಗೊತ್ತುಪಡಿಸಿದೆ. ಹೊಲಕ್ಕೆ ಬೇರೆ ನಿಯಮ, ಮನೆಗೆ ಬೇರೆ ನಿಯಮ ಎಂದು ಅಲ್ಲಿಲ್ಲ. ಈ ಆಜ್ಞೆ ಬಂದ ಸಂದರ್ಭವನ್ನು ಹದೀಸ್ ಗ್ರಂಥಗಳು ಹೇಳುತ್ತವೆ. ಉಹುದ್ ಯುದ್ಧದಲ್ಲಿ ಸಅದ್ ಬಿನ್ ರಬೀ(ರ) ಹುತಾತ್ಮರಾದರು. ಅವರ ಸೊತ್ತನ್ನೆಲ್ಲಾ ಅವರ ಸಹೋದರ ತೆಗೆದುಕೊಂಡರು. ಸಅದ್‌ರ ಪತ್ನಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿವರ್ಯರ(ಸ) ಬಳಿಗೆ ಬಂದು ದೂರಿತ್ತರು. ಪಾಲಿನ ಆಜ್ಞೆ ಅವತೀರ್ಣವಾದಾಗ ಪ್ರವಾದಿ(ಸ) ಆ ಸಹೋದರನನ್ನು ಕರೆಸಿ, ಹೆಣ್ಣುಮಕ್ಕಳಿಬ್ಬರಿಗೆ ಮೂರರಲ್ಲಿ ಎರಡು ಭಾಗ, ಅವರ ತಾಯಿಗೆ ಎಂಟರಲ್ಲಿ ಒಂದು ಭಾಗ ಕೊಡಿಸಿ, ಉಳಿದದ್ದನ್ನು ಅವರಿಗೆ ಬಿಟ್ಟರು. ಆ ತಾಯಿ ಸುಮ್ಮನೆ ಮನೆಯಲ್ಲಿ ಕುಳಿತಿರಲಿಲ್ಲ ಎಂಬುದನ್ನು ಗಮನಿಸಿ. ಅನ್ಯಾಯವಾಗಿ ಗೇಣು ನೆಲ ಕಬಳಿಸಿದವನ ಕೊರಳಿಗೆ ಪುನರುತ್ಥಾನ ದಿನ ಏಳು ಭೂಮಿಗಳ ಭಾರ ಬೀಳುವುದೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ಅದು ಹೊರಗಿನವರ ನೆಲ ಕಬಳಿಸುವವರಿಗೆ ಮಾತ್ರ ಎಂದು ನಾವು ತಿಳಿದುಕೊಂಡಿರುವಂತಿದೆ.

ಲೆಕ್ಕ ಹಾಕಿ ನೋಡೋಣ. ಒಬ್ಬರು ಎಂಟು ಎಕರೆ ಒಣ ಭೂಮಿ ಬಿಟ್ಟು ತೀರಿಕೊಂಡರು. ಹೆತ್ತವರು ಮೊದಲೇ ತೀರಿದ್ದಾರೆ, ಸಾಲವಿಲ್ಲ. ಪತ್ನಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಪತ್ನಿಗೆ ಎಂಟನೇ ಒಂದು ಭಾಗ, ಅಂದರೆ ಒಂದು ಎಕರೆ. ಉಳಿದ ಏಳರಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಎಂಟರಲ್ಲಿ ನಾಲ್ಕು ಎಕರೆ ಹೆಂಗಸರದ್ದಾಯಿತು. ಆ ಹೊಲ ಹಿನ್ನೀರಿಗೆ ಹೋದರೆ ನಿಗದಿಯಾದ ದರದಲ್ಲಿ ಪ್ರತಿ ಮಗಳಿಗೆ 30 ಲಕ್ಷ ರೂಪಾಯಿ. ಇದರ ಬದಲಿಗೆ ನಮ್ಮಲ್ಲಿ ಏನಾಗುತ್ತದೆ? ಈದ್‌ಗೆ ತವರಿನಿಂದ ಒಂದು ಸೀರೆ, ಹೆರಿಗೆಗೆ ಕರೆದು ಉಪಚಾರ, ನಡುವೆ ಒಂದು ದಿನ ತಾಲೂಕು ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು. “ಅಣ್ಣನ ಹತ್ತಿರ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ” ಎಂಬ ಹೆದರಿಕೆ. ಮುಚ್ಚುವವರ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡುವುದಿಲ್ಲ, ಕೇಳಿದವಳೇ ದುರಾಸೆಯವಳು!

ಇದು ನಮ್ಮಲ್ಲಿ ಮಾತ್ರವೆಂದಲ್ಲ. ಹಿಂದೂ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಜಮೀನಿನಲ್ಲಿ ಸಮಪಾಲು ಸಿಕ್ಕಿತು. ಅವರಿಂದಲೂ ಬಿಡುಗಡೆ ಪತ್ರ ಬರೆಸಿಕೊಳ್ಳುವುದು ನಿಂತಿಲ್ಲ. ಆದರೆ ಹದಿನಾಲ್ಕು ಶತಮಾನಗಳ ಹಿಂದೆಯೇ ನಮ್ಮಲ್ಲಿ ಹೆಣ್ಣಿಗೆ ಆಸ್ತಿಹಕ್ಕು ಕೊಟ್ಟಿದೆ ಎಂದು ವೇದಿಕೆಯಲ್ಲಿ ಹೇಳುವ ನಮಗೆ ನಾಚಿಕೆ ಸ್ವಲ್ಪ ಹೆಚ್ಚು ಇರಬೇಡವೇ? 1937ರ ಶರೀಅತ್ ಅನ್ವಯ ಕಾಯ್ದೆಯಿಂದ ಕೃಷಿ ಭೂಮಿಯನ್ನು ಹೊರಗಿಟ್ಟದ್ದನ್ನು ಕೆಲವರು ನೆಪ ಮಾಡುತ್ತಾರೆ. ಕೃಷಿ ಭೂಮಿ ಆಗ ಪ್ರಾಂತಗಳ ಅಧಿಕಾರಕ್ಕೆ ಸೇರಿದ್ದರಿಂದ ಹಾಗಾಯಿತು. ನಮಾಝ್, ರೋಝಾಕ್ಕೆ ಯಾವ ಕಾಯ್ದೆಯನ್ನೂ ಕಾಯದವರು ತಂಗಿಯ ಪಾಲಿಗೆ ಬಂದಾಗ ಮಾತ್ರ ಕಾಯ್ದೆ ಪುಸ್ತಕ ತೆರೆಯುವುದೇಕೆ?

ಸಹೋದರಿ ತನ್ನ ಪಾಲನ್ನು ಅಣ್ಣನಿಗೆ ಮನಸಾರೆ ಕೊಡಬಾರದೆಂದಿಲ್ಲ. ಆದರೆ ತನಗೆಷ್ಟು ಬರುತ್ತದೆಂದು ತಿಳಿದು, ಅದು ಕೈಗೆ ಬಂದ ಮೇಲೆ ಕೊಟ್ಟರೆ ಅದು ಕೊಡುಗೆ. ತಂದೆ ಬದುಕಿರುವಾಗಲೇ ‘ನನಗೆ ಪಾಲು ಬೇಡ’ ಎಂದು ಬರೆಸಿಕೊಂಡ ಕಾಗದಕ್ಕೆ ಮುಸ್ಲಿಮ್ ಕಾನೂನಿನಲ್ಲಿ ಸಾಮಾನ್ಯವಾಗಿ ಬೆಲೆಯಿಲ್ಲ. ಏಕೆಂದರೆ ಆಗ ಬಿಟ್ಟುಕೊಡಲು ಅವಳಲ್ಲಿ ಹಕ್ಕೇ ಹುಟ್ಟಿರುವುದಿಲ್ಲ.

ಸ್ವಂತ ನೆಲವಿಲ್ಲದವರೂ ತಿಳಿದಿರಬೇಕಾದದ್ದಿದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ವಿಧವೆ, ವಿಚ್ಛೇದಿತೆ ಮತ್ತು ಮನೆಯವರು ಕೈಬಿಟ್ಟ ಮಹಿಳೆಯನ್ನು ಪ್ರತ್ಯೇಕ ಕುಟುಂಬವೆಂದು ಲೆಕ್ಕ ಹಾಕಬೇಕು. ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಅದೇ ಭೂಮಿಯಲ್ಲಿ ಕೂಲಿ ಮಾಡಿ, ಮುಖ್ಯವಾಗಿ ಅದರಿಂದಲೇ ಬದುಕಿದ ಕುಟುಂಬವೂ ಬಾಧಿತ ಕುಟುಂಬವೇ. ಪುನರ್ವಸತಿಯ ನಿವೇಶನವನ್ನು ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಕೊಡಲು ಅವಕಾಶವಿದೆ. ಪರಿಹಾರದ ಹಣದಲ್ಲಿ ಪಾಲಿನ ವಿವಾದವಿದ್ದರೆ ಅದನ್ನು ಪ್ರಾಧಿಕಾರದ ತೀರ್ಮಾನಕ್ಕೆ ಒಪ್ಪಿಸಬಹುದು. ಹಣ ಅಣ್ಣನ ಖಾತೆಗೆ ಬಂದು ಟ್ರ್ಯಾಕ್ಟರಾಗಿ, ಮನೆಯಾಗಿ ಹೋದ ಮೇಲೆ ಕೇಳುವುದಕ್ಕಿಂತ ಮೊದಲೇ ಲಿಖಿತವಾಗಿ ಕೇಳುವುದು ಸುಲಭ.

ತೀರಿಕೊಂಡವರ ಹೆಸರಿನಲ್ಲೇ ಉಳಿದುಕೊಂಡಿರುವ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಕಂದಾಯ ಇಲಾಖೆ 2025ರಲ್ಲಿ ‘ಇ-ಪೌತಿ’ ಆಂದೋಲನ ಆರಂಭಿಸಿತು. ಪೌತಿಗೆ ಮರಣ ಪ್ರಮಾಣಪತ್ರದ ಜೊತೆ ವಂಶಾವಳಿ ಬೇಕು. ಹೆಸರು ತಪ್ಪಿಹೋಗುವುದು ಇಲ್ಲಿಯೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟು, ಗಂಡುಮಕ್ಕಳನ್ನಷ್ಟೇ ವಂಶಾವಳಿಯಲ್ಲಿ ಬರೆಸುತ್ತಾರೆ. ನಿಮ್ಮ ತಂದೆಯ ಜಮೀನಿನ ಸರ್ವೆ ನಂಬರನ್ನು ತಾಯಿಯನ್ನೋ ಅಣ್ಣನನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಅದೊಂದಿದ್ದರೆ ಉತಾರವನ್ನು ಯಾರು ಬೇಕಾದರೂ ತೆಗೆಸಬಹುದು. ವಂಶಾವಳಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯ ಬಳಿ, ಊರಿನವರ ಮಾತಿನಲ್ಲಿ ತಲಾಟಿಯ ಬಳಿ, ವಿಚಾರಿಸಿ. ಇಲ್ಲದಿದ್ದರೆ ಖಾತೆ ಬದಲಾವಣೆಯ ನೋಟಿಸಿನ ಅವಧಿ ಮುಗಿಯುವ ಮೊದಲು ಬಿಳಿ ಹಾಳೆಯಲ್ಲಿ ತಕರಾರು ಅರ್ಜಿ ಬರೆದು ನಾಡಕಚೇರಿಗೆ ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಲು ಮರೆಯಬೇಡಿ.