ಮುಂಜಾವಿನ ಕೆಂಪು ದೀಪ

ಮಾಗಿಯ ಮುಂಜಾವಿನಲ್ಲಿ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಹೊಲಕ್ಕೆ ಹೊರಡುವ ಟ್ರ್ಯಾಕ್ಟರನ್ನು ನೀವು ನೋಡಿರಬಹುದು. ಕೀಲಿ ತಿರುಗಿಸಿದೊಡನೆ ಎಂಜಿನ್ ಎಣ್ಣೆಯ ಒತ್ತಡ ಸೂಚಿಸುವ ಕೆಂಪು ದೀಪ ಹೊತ್ತುತ್ತದೆ. ಎಂಜಿನ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಅದು ಆರಬೇಕು. ಆರದಿದ್ದರೆ?

‘ಚಳಿಗೆ ಎಣ್ಣೆ ಗಟ್ಟಿಯಾಗಿದೆ, ಬಿಸಿಯಾದರೆ ಸರಿಹೋದೀತು’ ಎನ್ನುವವರುಂಟು. ಇದು ಅಪಾಯದ ಮಾತು. ಮಂದವಾದ ಎಣ್ಣೆ ಬೇರಿಂಗಿನ ಕಿರಿದಾದ ಸಂದುಗಳಲ್ಲಿ ಸುಲಭವಾಗಿ ಹರಿಯದು. ಆದ್ದರಿಂದ ತಣ್ಣನೆಯ ಎಂಜಿನ್‌ನಲ್ಲಿ ಒತ್ತಡ ಹೆಚ್ಚಿರಬೇಕೇ ಹೊರತು ಕಡಿಮೆಯಲ್ಲ. ಹಿಮದ ನಾಡುಗಳಲ್ಲಿ, ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ, ಎಣ್ಣೆ ಪಂಪಿಗೆ ಏರದಷ್ಟು ಗಟ್ಟಿಯಾಗಬಹುದು. ಗದಗ-ಬೆಟಗೇರಿಯ ಚಳಿ ಅಂಥದ್ದಲ್ಲ. ಇಲ್ಲಿ ದೀಪ ಆರದಿದ್ದರೆ ಎಣ್ಣೆ ಕಡಿಮೆಯಾಗಿರಬೇಕು, ಪಂಪು ಅಥವಾ ಬೇರಿಂಗು ಸವೆದಿರಬೇಕು, ಇಲ್ಲವೇ ದೀಪದ ಸ್ವಿಚ್ಚೇ ಕೆಟ್ಟಿರಬೇಕು.

ಆದುದರಿಂದ ತಕ್ಷಣ ಎಂಜಿನ್ ನಿಲ್ಲಿಸಿ. ಸಮನೆಲದಲ್ಲಿ ಕೆಲವು ನಿಮಿಷ ಬಿಟ್ಟು ಅಳತೆಕಡ್ಡಿಯಲ್ಲಿ ಎಣ್ಣೆಯ ಮಟ್ಟ ನೋಡಿ. ಸೋರಿಕೆ, ಫಿಲ್ಟರ್, ಸ್ವಿಚ್ಚಿನ ತಂತಿ ಪರೀಕ್ಷಿಸಿ. ಎಲ್ಲವೂ ಸರಿಯಿದ್ದರೆ ಮೆಕ್ಯಾನಿಕ್‌ನಿಂದ ಒತ್ತಡಮಾಪಕ ಜೋಡಿಸಿ ಅಳೆಯಿಸಿ. ಅಲ್ಲಿಯವರೆಗೆ ಎಂಜಿನ್ ಚಾಲೂ ಮಾಡಬೇಡಿ. ಎಣ್ಣೆ ಬದಲಿಸುವಾಗ ಕೈಪಿಡಿ ಹೇಳಿದ ದರ್ಜೆಯನ್ನೇ ಹಾಕಿ.

ನೆನಪಿಡಿ: ಒಂದು ನಿಮಿಷದ ಅವಸರ ಬೇರಿಂಗನ್ನು ಸುಟ್ಟು, ಹಿಂಗಾರಿನ ಕೆಲಸವನ್ನೇ ನಿಲ್ಲಿಸೀತು.